ಮೀನಿನ ತೊಟ್ಟಿ, ಕಂಟ್ರೋಲರ್, ಮನೆಯ ವೈಫೈ: ‘ಆಫ್‌ಲೈನ್’ ಎಂಬ ಕೆಂಪು ಚುಕ್ಕೆಯ ಹಿಂದೆ ಬಿದ್ದ ಕಥೆ

ನಮ್ಮ ಡಿಸ್ಕಸ್ ಮೀನಿನ ತೊಟ್ಟಿಯನ್ನು ನೋಡಿಕೊಳ್ಳುವ ಯಂತ್ರ, ಅಂದರೆ ಕಂಟ್ರೋಲರ್, ಕಡೆಗೂ ಮನೆಯ ವೈಫೈಗೆ ಸೇರಿದೆ. ಸೇರಿದ್ದು ಹಾಗೇ ನಿಂತಿದೆ. ಮಧ್ಯೆ ಕರೆಂಟು ಹೋಗಿ ಬಂದದ್ದನ್ನೂ ತಡೆದುಕೊಂಡಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತೇನೆ. ಇದೇ ಥರದ ಪೆಟ್ಟಿಗೆ ತಂದು ಆಪ್‌ನಲ್ಲಿ ಕೆಂಪು ಚುಕ್ಕೆ ನೋಡುತ್ತಾ ಕೂತವರಿಗೆ ಒಂದೆರಡು ರಾತ್ರಿಯ ನಿದ್ದೆಯಾದರೂ ಉಳಿಯಲಿ.

ಮೊದಲು ನಮ್ಮ ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಎರಡು ಅಂತಸ್ತಿನ ಹಳೆಯ ಮನೆ. ತೊಟ್ಟಿ ಕೆಳಗಿನ ಹಾಲ್‌ನಲ್ಲಿದೆ: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ, ಸುಮಾರು 250 ಲೀಟರ್ ನೀರು. ಫೈಬರ್ ಲೈನು ಬಂದಿರುವುದು ಮಹಡಿಯ ಮೇಲಿನ ಕೋಣೆಗೆ. ಡಿಸ್ಕಸ್ ಮೀನಿಗೆ ನೀರು 28ರಿಂದ 30 ಡಿಗ್ರಿ ಇರಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿ ಹೊರಗೆ 16-17 ಡಿಗ್ರಿಗೆ ಇಳಿಯುತ್ತದೆ. ಹೀಟರ್ ಕೈಕೊಟ್ಟರೆ ಬೆಳಗಾಗುವಷ್ಟರಲ್ಲಿ ಮೀನುಗಳು ಮೈ ಕಪ್ಪಾಗಿಸಿಕೊಂಡು ಮೂಲೆ ಹಿಡಿದಿರುತ್ತವೆ. ಹೀಟರ್ ಆಫ್ ಆಗದೆ ಅಂಟಿಕೊಂಡರೆ ಇನ್ನೂ ಕಷ್ಟ.

ನಾನು ದಿನಾ ಮಂಡ್ಯಕ್ಕೆ ಕೆಲಸಕ್ಕೆ ಹೋಗಿಬರುವವಳು. ಮನೆಯಲ್ಲಿ ಅತ್ತೆ ಇರುತ್ತಾರೆ. ಫೋನ್ ಮಾಡಿದರೆ ಗಾಜಿಗೆ ಅಂಟಿಸಿದ ಥರ್ಮಾಮೀಟರ್ ನೋಡಿ “ಇಪ್ಪತ್ತೆಂಟೂವರೆ ಕಣಮ್ಮ” ಎಂದು ಓದಿ ಹೇಳುತ್ತಾರೆ. ಆದರೆ ರಾತ್ರಿ ಮೂರು ಗಂಟೆಗೆ ಅವರನ್ನು ಎಬ್ಬಿಸುವಂತಿಲ್ಲ, ತರಬೇತಿ ಎಂದು ನಾನು ವಾರಗಟ್ಟಲೆ ಧಾರವಾಡಕ್ಕೆ ಹೋದಾಗಲಂತೂ ಮನಸ್ಸೆಲ್ಲ ಇಲ್ಲೇ. ಅದಕ್ಕೇ ಕಂಟ್ರೋಲರ್ ಬೇಕೆನಿಸಿತು. ತಾಪಮಾನ, ಪಿಎಚ್ (ನೀರಿನ ಆಮ್ಲೀಯತೆ) ಅಳೆಯುತ್ತದೆ, ಹೀಟರ್, ಲೈಟು, ಪಂಪು ಆನ್ ಆಫ್ ಮಾಡುತ್ತದೆ, ಏನಾದರೂ ಎಡವಟ್ಟಾದರೆ ಫೋನಿಗೆ ತಿಳಿಸುತ್ತದೆ.

ಹೊಸದರ ಬೆಲೆ ಕೇಳಿ ಸುಮ್ಮನಾಗಿದ್ದೆ. ಬೆಂಗಳೂರಿನ ಹುಡುಗನೊಬ್ಬ ಕೆಲಸದ ಮೇಲೆ ಕೆನಡಾಕ್ಕೆ ಹೊರಟಿದ್ದ, ತೊಟ್ಟಿ ಮುಚ್ಚಿ ಸಾಮಾನೆಲ್ಲ ಮಾರುತ್ತಿದ್ದ. ಅವನಿಂದ 18 ಸಾವಿರಕ್ಕೆ ತಂದೆ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಮಾಡೆಲ್. ಮುಖ್ಯ ಪೆಟ್ಟಿಗೆ 12 ವೋಲ್ಟ್ ಅಡಾಪ್ಟರ್‌ನಲ್ಲಿ ಓಡುವುದರಿಂದ ತೊಂದರೆಯಿಲ್ಲ. ಆದರೆ ಜೊತೆಗೆ ಬರುವ ಪ್ಲಗ್ಗುಗಳ ಪಟ್ಟಿ 120 ವೋಲ್ಟಿನದು, ನಮ್ಮ 230ಕ್ಕೆ ಹಾಕಿದರೆ ಸುಟ್ಟೇಹೋಗುತ್ತದೆ. ಆ ಹುಡುಗ ಅದನ್ನು ಬಿಟ್ಟು, ಎಸ್‌.ಪಿ. ರೋಡ್‌ನಲ್ಲಿ ಸಾಮಾನು ತಂದು ರಿಲೇ (ಕಂಟ್ರೋಲರ್ ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್ಚು) ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡಿದ್ದ. ಹೊರದೇಶದ ಕಂಟ್ರೋಲರ್ ತರುವವರು ವೈಫೈಗೂ ಮುಂಚೆ ಇದನ್ನು ಕೇಳಿಕೊಳ್ಳಿ.

ಪೆಟ್ಟಿಗೆ ಬಿಚ್ಚಿದ ತಕ್ಷಣ ನೆಟ್‌ವರ್ಕಿಗೆ ಕೈ ಹಾಕಲಿಲ್ಲ. ಹೀಟರನ್ನು ಗೋಡೆಯ ಪ್ಲಗ್ಗಿಗೇ ಬಿಟ್ಟೆ, ಅದರದೇ ಥರ್ಮೋಸ್ಟಾಟ್ ಮೇಲೆ ಓಡಲಿ ಎಂದು. ಸೆಟ್ಟಿಂಗ್ ಬದಲಿಸುವಾಗ ಕಂಟ್ರೋಲರ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ, ಪ್ರತಿ ಸಲವೂ ರಿಲೇಗಳು ಟಕಟಕ ಎನ್ನುತ್ತವೆ. ಮೀನುಗಳ ಪ್ರಾಣ ಆ ಆಟದ ಮೇಲೆ ನಿಲ್ಲಬಾರದು. ಈಗ ಹೀಟರ್ ಕಂಟ್ರೋಲರ್‌ಗೆ ಬಂದಿದೆ, ಆದರೂ ಅದರ ಸ್ವಂತ ಥರ್ಮೋಸ್ಟಾಟನ್ನು ಒಂದು ಡಿಗ್ರಿ ಮೇಲಕ್ಕೆ ಇಟ್ಟಿದ್ದೇನೆ. ರಿಲೇ ಅಂಟಿಕೊಂಡರೂ ನೀರು ಕುದಿಯುವುದಿಲ್ಲ. ತೊಟ್ಟಿಯಿಂದ ಬರುವ ವೈರುಗಳೆಲ್ಲ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು. ಹನಿ ಜಾರಿದರೆ ನೆಲಕ್ಕೆ ಬೀಳಬೇಕು, ಸಾಕೆಟ್ಟಿಗಲ್ಲ.

ಮೊದಲ ತಡೆ ತಂತ್ರಜ್ಞಾನದ್ದೇ ಅಲ್ಲ, ಕಾಗದಪತ್ರದ್ದು. ಆಪ್‌ನಲ್ಲಿ ಸೀರಿಯಲ್ ನಂಬರ್ ಹಾಕಿದರೆ ‘ಈ ಸಾಧನ ಬೇರೆ ಖಾತೆಯಲ್ಲಿ ನೋಂದಣಿಯಾಗಿದೆ’ ಎಂದು ಬಂತು. ಹಳೆಯ ಮಾಲೀಕ ತನ್ನ ಖಾತೆಯಿಂದ ಅದನ್ನು ತೆಗೆಯಬೇಕು. ಅವನು ಆಗಲೇ ವಿಮಾನ ಹತ್ತಿದ್ದ. ನಮ್ಮ ಹಗಲು ಅವನ ರಾತ್ರಿ. ಮೆಸೇಜ್ ಹಾಕಿ ಮಲಗುವುದು, ಬೆಳಗ್ಗೆ ಎದ್ದು ಉತ್ತರ ನೋಡುವುದು. ಅವನಿಗೋ ಆ ಖಾತೆಯ ಪಾಸ್‌ವರ್ಡೇ ಮರೆತಿತ್ತು, ಅದಕ್ಕೆ ಕೊಟ್ಟಿದ್ದ ಇಮೇಲ್ ಹಳೆಯ ಆಫೀಸಿನದು. ಕೊನೆಗೆ ನಾನೇ ತಯಾರಕರಿಗೆ ಬರೆದೆ. ಅವರು ಕೇಳಿದ್ದು ಮೂಲ ಬಿಲ್ಲಿನ ಫೋಟೋ, ಸೀರಿಯಲ್ ನಂಬರಿನ ಸ್ಟಿಕ್ಕರಿನ ಫೋಟೋ, ಮಾರಿದ್ದಾಗಿ ಅವನಿಂದ ಎರಡು ಸಾಲು. ಬಿಲ್ಲು ಅವನ ಹಳೆಯ ಮೇಲ್‌ಗಳಲ್ಲಿ ಸಿಕ್ಕಿದ್ದು ನನ್ನ ಪುಣ್ಯ. ಶನಿವಾರ, ಭಾನುವಾರ ಅಲ್ಲಿ ಯಾರೂ ಇರುವುದಿಲ್ಲ, ಸೋಮವಾರದ ಉತ್ತರ ನಮಗೆ ಮಂಗಳವಾರ. ಪಾಪ, ಅವನು ತಾಳ್ಮೆಯಿಂದ ಎಲ್ಲ ಕಳಿಸಿದ. “ಮೇಡಂ, ನನ್ನ ಮೀನುಗಳು ಹೋದ ಮೇಲೂ ಇದು ನನ್ನ ಬಿಡ್ತಿಲ್ಲ ನೋಡಿ” ಎಂದು ನಕ್ಕಿದ್ದ.

ಖಾತೆಯ ಗಂಟು ಬಿಚ್ಚಿದ ಮೇಲೆ ನಿಜವಾದ ಕೆಲಸ. ಇಂಥ ಕಂಟ್ರೋಲರ್ ಮೊದಲಿಗೆ ತನ್ನದೇ ಒಂದು ಚಿಕ್ಕ ಹಾಟ್‌ಸ್ಪಾಟ್ ತೆರೆಯುತ್ತದೆ. ಫೋನಿನಿಂದ ಅದಕ್ಕೆ ಸೇರಿ, ಬ್ರೌಸರಿನಲ್ಲಿ 192.168.4.1 ಎಂದು ಹಾಕಿದರೆ ಒಂದು ಪುಟ ತೆರೆಯಬೇಕು, ಅಲ್ಲಿ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಕೊಡಬೇಕು. ನನ್ನ ಫೋನು ಸೇರುತ್ತಿತ್ತು, ಪುಟ ತೆರೆಯುತ್ತಿರಲಿಲ್ಲ. ಕಾರಣ ಸರಳ. ಈ ಹಾಟ್‌ಸ್ಪಾಟಿನಲ್ಲಿ ಇಂಟರ್ನೆಟ್ ಇಲ್ಲ ಎಂದು ಕಂಡುಕೊಂಡ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತದೆ, ನಾವು ಬ್ರೌಸರಿನಲ್ಲಿ ಕೇಳಿದ ಪುಟವನ್ನು ಹೊರಗಿನ ಜಗತ್ತಿನಲ್ಲಿ ಹುಡುಕುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ. ‘ಇಂಟರ್ನೆಟ್ ಇಲ್ಲ, ಆದರೂ ಸೇರಿಕೊಂಡಿರಬೇಕೇ’ ಎಂದು ಕೇಳಿದರೆ ಹೌದು ಅನ್ನಿ. ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ. ಆಂಡ್ರಾಯ್ಡ್‌ನಲ್ಲಿ ಆಪ್ ಸುತ್ತಲಿನ ವೈಫೈ ಹುಡುಕಬೇಕಾದರೆ ಲೊಕೇಶನ್ ಅನುಮತಿ ಬೇಕು. ಐಫೋನ್‌ನಲ್ಲಿ 2020ರ ಐಒಎಸ್ 14ರಿಂದೀಚೆಗೆ ‘ಲೋಕಲ್ ನೆಟ್‌ವರ್ಕ್’ ಎಂಬ ಬೇರೆಯೇ ಅನುಮತಿ ಇದೆ. ಅದನ್ನು ಒಮ್ಮೆ ಬೇಡ ಎಂದಿದ್ದರೆ ಆಪ್‌ಗೆ ಮನೆಯೊಳಗಿನ ಕಂಟ್ರೋಲರ್ ಕಾಣುವುದೇ ಇಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು.

ಪುಟ ತೆರೆಯಿತು. ಅಲ್ಲಿ ಪಕ್ಕದ ಮನೆ, ಎದುರು ಮನೆಯ ವೈಫೈಗಳೆಲ್ಲ ಪಟ್ಟಿಯಲ್ಲಿವೆ. ನಮ್ಮದು ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಕಂಡಾಗ ಪಾಸ್‌ವರ್ಡ್ ಕೊಟ್ಟರೆ ‘ವಿಫಲ’.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಇಂಥ ಪೆಟ್ಟಿಗೆಗಳಲ್ಲಿರುವ ಅಗ್ಗದ ವೈಫೈ ಚಿಪ್‌ಗಳಿಗೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸಿನ ಅಲೆ ಮಾತ್ರ ಗೊತ್ತು. ಇಂದಿನ ಫೈಬರ್ ಪೆಟ್ಟಿಗೆಗಳು, ಅಂದರೆ ರೂಟರುಗಳು, 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ, ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತಾವೇ ತೀರ್ಮಾನಿಸುತ್ತವೆ. ಫೋನಿಗೆ, ಲ್ಯಾಪ್‌ಟಾಪಿಗೆ ಅದು ಸುಖ. ಕಂಟ್ರೋಲರಿಗೆ ಗೊಂದಲ. ಇನ್ನೊಂದು, ಭದ್ರತೆಯ ಬಗೆ. ನಮ್ಮ ಫೈಬರ್ ಪೆಟ್ಟಿಗೆಯಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಬೆರೆತ ಮೋಡ್ ಇತ್ತು. ಹಳೆಯ ಚಿಪ್‌ಗಳಿಗೆ ಡಬ್ಲ್ಯುಪಿಎ3 ಬರುವುದಿಲ್ಲ, ಕೆಲವು ಈ ಬೆರಕೆ ಮೋಡ್‌ನಲ್ಲೂ ಎಡವುತ್ತವೆ.

ಸರಿ, ರೂಟರಿನ ಸೆಟ್ಟಿಂಗ್ ತೆರೆಯೋಣ ಎಂದರೆ ಅಡ್ಮಿನ್ ಪಾಸ್‌ವರ್ಡ್ ನನ್ನ ಬಳಿ ಇಲ್ಲ. ಸ್ಟಿಕ್ಕರಿನ ಮೇಲಿದ್ದುದನ್ನು ಲೈನ್ ಹಾಕಿದ ದಿನವೇ ಬದಲಿಸಿದ್ದರು. ಇಂಟರ್ನೆಟ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ದೂರು ಸಂಖ್ಯೆ ಕೊಟ್ಟರು. ಸ್ವಲ್ಪ ಹೊತ್ತಿಗೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂದು ಎಸ್ಸೆಮ್ಮೆಸ್. ಮತ್ತೆ ಫೋನ್.

“ಮೇಡಂ, ನಿಮ್ಮ ನೆಟ್ ಚೆನ್ನಾಗೇ ಬರ್ತಿದೆಯಲ್ಲ, ಇಲ್ಲಿ ತೋರಿಸ್ತಿದೆ.”

“ನೆಟ್ ಬರ್ತಿದೆ, ನನಗೆ ಸೆಟ್ಟಿಂಗ್ ಬದಲಾಯಿಸಬೇಕು.”

“ಯಾವ ಡಿವೈಸ್‌ಗೆ ಮೇಡಂ?”

“ಮೀನಿನ ತೊಟ್ಟಿಗೆ.”

ಆ ಕಡೆಯಿಂದ ಒಂದು ಕ್ಷಣ ಮಾತೇ ಇಲ್ಲ. ಅದಾದ ಮೇಲೆ ನಾನು ಕಲಿತ ಉಪಾಯ: ತೊಟ್ಟಿ, ಮೀನು ಎನ್ನಲೇಬೇಡಿ. ‘2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರು ಬೇಕು, ಸಿಸಿಟಿವಿ ಕ್ಯಾಮೆರಾಗೆ’ ಎಂದರೆ ಅವರಿಗೆ ತಟ್ಟನೆ ಅರ್ಥವಾಗುತ್ತದೆ. ದಿನವೂ ಕೇಳುವ ಮಾತು ಅದು. ದೂರನ್ನು ಮುಚ್ಚಿದ ಎಸ್ಸೆಮ್ಮೆಸ್ ಬಂದರೆ ಹೊಸ ದೂರು ಕೊಡುವ ಬದಲು ಹಳೆಯ ಸಂಖ್ಯೆ ಹೇಳಿಯೇ ಮತ್ತೆ ತೆರೆಸಿ.

ಬರುತ್ತೇನೆಂದ ಇಂಟರ್ನೆಟ್ ಕಂಪನಿಯ ಹುಡುಗ ಬರಲಿಲ್ಲ. ನಾನು ರಜೆ ಹಾಕಿ ಕಾದಿದ್ದ ದಿನ ಸಂಜೆ ಆರಕ್ಕೆ ಫೋನ್ ಮಾಡಿ ನಾಳೆ ಎಂದ. ನಾಳೆ ನಾನು ಮಂಡ್ಯದಲ್ಲಿದ್ದಾಗ ಬಂದ, ಅತ್ತೆ ನೆಟ್ ಸರಿಯಿದೆ ಎಂದರು, ಹೋದ. ಆ ದಿನ ರೈಲಿನಲ್ಲಿ ಬಂದ ಸಿಟ್ಟು ಯಾರ ಮೇಲೆಂದು ನನಗೇ ಗೊತ್ತಿಲ್ಲ. ಅಂತೂ ಒಂದು ಭಾನುವಾರ ಮತ್ತೆ ಬಂದ. ಒಳ್ಳೆಯ ಹುಡುಗ. ಮೇಲೆ ಕೂತು ಹತ್ತೇ ನಿಮಿಷದಲ್ಲಿ ಹೆಸರು ಬೇರೆ ಮಾಡಿ, 2.4ಕ್ಕೆ ಡಬ್ಲ್ಯುಪಿಎ2 ಮಾತ್ರ ಇಟ್ಟು, ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟ. ಕೆಳಗೆ ಬಂದು ಮೀನು ನೋಡುತ್ತಾ ಕಾಫಿ ಕುಡಿದ. ಈ ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲದಿದ್ದರೆ ಬೇರೆ ಯಾವುದಕ್ಕೂ ಮುಂಚೆ ಅದನ್ನು ಪಡೆದುಕೊಳ್ಳಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಕಂಟ್ರೋಲರ್ ಸೇರಿತು. ಆಪ್‌ನಲ್ಲಿ ಮಾತ್ರ ಅದೇ ಕೆಂಪು ಚುಕ್ಕೆ.

‘ಆಫ್‌ಲೈನ್’ ಎನ್ನುವುದು ಜ್ವರ ಎಂದ ಹಾಗೆ, ಯಾವ ಕಾಯಿಲೆ ಎಂದು ಅದು ಹೇಳುವುದಿಲ್ಲ. ಕಂಟ್ರೋಲರಿನಿಂದ ಫೋನಿನವರೆಗೆ ಕೊಂಡಿಗಳ ಒಂದು ಸಾಲೇ ಇದೆ: ಕಂಟ್ರೋಲರ್ ವೈಫೈಗೆ ಸೇರಬೇಕು, ರೂಟರು ಅದಕ್ಕೊಂದು ವಿಳಾಸ ಕೊಡಬೇಕು, ಅಲ್ಲಿಂದ ಹೊರಗೆ ತಯಾರಕರ ಸರ್ವರ್ ತಲುಪಬೇಕು, ಆ ಸರ್ವರ್ ನಮ್ಮ ಖಾತೆಯನ್ನು ಗುರುತಿಸಬೇಕು, ಆಮೇಲೆ ಫೋನು. ಯಾವುದು ಮುರಿದರೂ ಅದೇ ಚುಕ್ಕೆ. ತಯಾರಕರ ಕಡೆಯಿಂದ ಪ್ರತಿ ಸಲ ಬರುವ ಉತ್ತರವೂ ಒಂದೇ: ಫ್ಯಾಕ್ಟರಿ ರೀಸೆಟ್ ಮಾಡಿ. ಅದನ್ನು ನಾನು ಮಾಡಲಿಲ್ಲ. ರೀಸೆಟ್ ಮಾಡಿದರೆ ಹೀಟರಿನ, ಲೈಟಿನ ಪ್ರೋಗ್ರಾಮುಗಳು, ಪಿಎಚ್ ಕ್ಯಾಲಿಬ್ರೇಶನ್ ಎಲ್ಲ ಅಳಿಸಿಹೋಗುತ್ತವೆ. ಯಾವ ಕೊಂಡಿ ಮುರಿದಿದೆ ಎಂಬ ಸುಳಿವೂ ಅದರ ಜೊತೆಗೇ ಹೋಗುತ್ತದೆ. ಮಾಡಲೇಬೇಕಾಗಿ ಬಂದರೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಂಡು ಮಾಡಿ.

ಅದರ ಬದಲು ಒಂದು ಉದ್ದದ ಕೇಬಲ್ ತಂದೆ. ಕಂಟ್ರೋಲರಿನ ಹಿಂದೆ ಈಥರ್‌ನೆಟ್ ಕಿಂಡಿ ಇದ್ದರೆ ನೀವು ಅದೃಷ್ಟವಂತರು. 20 ಮೀಟರ್ ಕ್ಯಾಟ್ 6 ಕೇಬಲ್ಲಿಗೆ ಆರುನೂರರಷ್ಟಾಯಿತು. ಮಹಡಿಯಿಂದ ಮೆಟ್ಟಿಲ ಮೇಲೆ ಇಳಿಸಿ, ಹಾಲ್ ದಾಟಿಸಿ ತೊಟ್ಟಿಯವರೆಗೆ ಎಳೆದೆ. ಅತ್ತೆ ಕಾಲಿಗೆ ಸಿಕ್ಕುತ್ತದೆ ಎಂದು ಗೊಣಗಿದರು, ಅದಕ್ಕೆ ಅಂಚಿಗೆ ಟೇಪ್ ಹಚ್ಚಿದೆ. ಕೇಬಲ್ಲಿನಲ್ಲೂ ಚುಕ್ಕೆ ಕೆಂಪು! ನನಗೆ ಖುಷಿಯಾಯಿತು ಎಂದರೆ ನಂಬುತ್ತೀರಾ? ವೈಫೈಯನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು, ರೋಗ ಅದಕ್ಕಿಂತ ಮುಂದಿನ ಕೊಂಡಿಯಲ್ಲಿದೆ ಎಂದು ಗೊತ್ತಾಯಿತಲ್ಲ.

ರೂಟರಿನ ಪುಟದಲ್ಲಿ ಸೇರಿಕೊಂಡಿರುವ ಸಾಧನಗಳ ಪಟ್ಟಿ ಇರುತ್ತದೆ. ಕಂಟ್ರೋಲರಿನ ಬೆನ್ನಿನ ಸ್ಟಿಕ್ಕರಿನಲ್ಲಿ ಅದರ ಮ್ಯಾಕ್ ವಿಳಾಸ, ಅಂದರೆ ಯಂತ್ರದ ಸ್ವಂತ ಗುರುತಿನ ಸಂಖ್ಯೆ, ಅಚ್ಚಾಗಿರುತ್ತದೆ. ಎರಡನ್ನೂ ಹೋಲಿಸಿದರೆ ಯಾವುದು ನಮ್ಮದು ಎಂದು ತಿಳಿಯುತ್ತದೆ. ನಮ್ಮದು 192.168.1ರಿಂದ ಶುರುವಾಗುವ ವಿಳಾಸದಲ್ಲೇ ಇತ್ತು. ಅಕಸ್ಮಾತ್ 169.254ರಿಂದ ಶುರುವಾಗುವ ವಿಳಾಸ ಕಂಡರೆ, ರೂಟರು ಅದಕ್ಕೆ ವಿಳಾಸ ಕೊಟ್ಟೇ ಇಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ, ಕೇಬಲ್ ಅಥವಾ ಕಿಂಡಿ ನೋಡಿ. ನಮ್ಮ ಕಂಟ್ರೋಲರಿನ ವಿಳಾಸವನ್ನು ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಹಾಕಿದೆ. ಕಂಟ್ರೋಲರಿನ ಸ್ವಂತ ಪುಟ ತೆರೆಯಿತು: ತಾಪಮಾನ 28.6, ಪಿಎಚ್ 6.7. ಅಷ್ಟು ದಿನದ ಮೇಲೆ ಮೊದಲ ಸಲ ಆ ಅಂಕಿ ಪರದೆಯ ಮೇಲೆ ಕಂಡದ್ದು.

ಪುಟದ ಮೂಲೆಯಲ್ಲಿ ಗಡಿಯಾರ. ದಿನಾಂಕ 1970ರ ಜನವರಿ 1.

ಕಂಪ್ಯೂಟರುಗಳು ಕಾಲ ಎಣಿಸುವುದು ಅಲ್ಲಿಂದ. ಸಮಯ ಗೊತ್ತಿಲ್ಲದ ಯಂತ್ರ ಅಲ್ಲಿಗೇ ಹೋಗಿ ಕೂರುತ್ತದೆ. ಇದು ಬರೀ ಗಡಿಯಾರದ ತೊಂದರೆಯಲ್ಲ. ಸರ್ವರಿನೊಂದಿಗೆ ಸುರಕ್ಷಿತ ಸಂಪರ್ಕ ಆಗಬೇಕಾದರೆ ಅದರ ಸರ್ಟಿಫಿಕೇಟನ್ನು ಪರೀಕ್ಷಿಸಬೇಕು. ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 1970ರಲ್ಲಿ ಕೂತ ಕಂಟ್ರೋಲರಿಗೆ ಅದು ಇನ್ನೂ ಹುಟ್ಟದ ಸರ್ಟಿಫಿಕೇಟು, ಹಾಗಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಒಳಗೆ ಗಡಿಯಾರ ನಡೆಸುವ ಸಿಆರ್2032 ನಾಣ್ಯದ ಬ್ಯಾಟರಿ ಸತ್ತಿತ್ತು. ಹೊಸದು ಕೈಗಡಿಯಾರ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ, ಐವತ್ತು ರೂಪಾಯಿಯೊಳಗೆ. ಆದರೆ ಬ್ಯಾಟರಿ ಸತ್ತರೂ ಇಂಟರ್ನೆಟ್ಟಿನಿಂದ ಸಮಯ ಕೇಳಿಕೊಳ್ಳಬೇಕಿತ್ತಲ್ಲ, ಯಾಕಿಲ್ಲ?

ನೆಟ್‌ವರ್ಕ್ ಪುಟವನ್ನು ಸಾಲು ಸಾಲಾಗಿ ಓದಿದಾಗ ಸಿಕ್ಕಿತು. ಹಳೆಯ ಮಾಲೀಕ ವಿಳಾಸವನ್ನು ಕೈಯಾರೆ ಹಾಕಿದ್ದ. ಗೇಟ್‌ವೇ, ಅಂದರೆ ರೂಟರಿನ ವಿಳಾಸ, 192.168.1.1, ನಮ್ಮ ಮನೆಯದೂ ಅದೇ, ಆದ್ದರಿಂದ ಮೇಲ್ನೋಟಕ್ಕೆ ಎಲ್ಲ ಸರಿ. ಡಿಎನ್‌ಎಸ್ (ಸರ್ವರಿನ ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವ ಯಂತ್ರ) ಎಂಬಲ್ಲಿ ಮಾತ್ರ 192.168.1.50. ಕೇಳಿದರೆ, ಜಾಹೀರಾತು ತಡೆಯಲು ಅವನ ಮನೆಯಲ್ಲೊಂದು ಪುಟ್ಟ ಕಂಪ್ಯೂಟರ್ ಇಟ್ಟಿದ್ದನಂತೆ, ಅದರ ವಿಳಾಸ. ನಮ್ಮ ಮನೆಯಲ್ಲಿ ಆ ವಿಳಾಸದಲ್ಲಿ ಯಾರೂ ಇಲ್ಲ. ಕಂಟ್ರೋಲರ್ ಸಮಯ ಕೊಡುವ ಸರ್ವರ್ ಎಲ್ಲಿ ಎಂದು ಆ ಖಾಲಿ ವಿಳಾಸವನ್ನೇ ಕೇಳುತ್ತಲೇ ಇತ್ತು. ‘ತಾನಾಗಿಯೇ ಪಡೆದುಕೊಳ್ಳಲಿ’ ಎಂದು ಬದಲಿಸಿ ಉಳಿಸಿದೆ. ಅರೆನಿಮಿಷಕ್ಕೆ ಗಡಿಯಾರ ಇಂದಿಗೆ ಜಿಗಿಯಿತು, ಅದರ ಹಿಂದೆಯೇ ಆಪ್‌ನಲ್ಲಿ ಹಸಿರು. ನಾನು ಕೂಗಿದ್ದಕ್ಕೆ ಅತ್ತೆ ಅಡುಗೆಮನೆಯಿಂದ ಓಡಿ ಬಂದರು, ಮೀನು ಹಾರಿ ಹೊರಗೆ ಬಿತ್ತೇನೋ ಎಂದು.

ಒಂದು ಚಿಕ್ಕ ಬಾಲ ಉಳಿದಿತ್ತು. ಬೆಳಗ್ಗೆ 10ಕ್ಕೆ ಹತ್ತಬೇಕಾದ ಲೈಟು ಮಧ್ಯಾಹ್ನ ಮೂರೂವರೆಗೆ ಹತ್ತಿತು. ಸಮಯ ವಲಯ ಗ್ರೀನಿಚ್‌ನಲ್ಲಿತ್ತು, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪಟ್ಟಿಯಲ್ಲಿ ಬೆಂಗಳೂರು, ದೆಹಲಿ ಹುಡುಕಬೇಡಿ, ಕೋಲ್ಕತ್ತ ಎಂದಿರುತ್ತದೆ.

ಈಗ ಮತ್ತೆ ವೈಫೈಗೆ. ಕೇಬಲ್ಲನ್ನು ಮೆಟ್ಟಿಲ ಮೇಲೆ ಹಾಗೇ ಬಿಡುವಂತಿರಲಿಲ್ಲ, ಮನೆಯಲ್ಲಿ ವಯಸ್ಸಾದವರಿದ್ದಾರೆ. ಭಾವನ ಮಗ ಒಂದು ಸಲಹೆ ಕೊಟ್ಟ: “ಚಿಕ್ಕಮ್ಮ, ಇಂಥ ಸಾಮಾನನ್ನೆಲ್ಲ ಗೆಸ್ಟ್ ವೈಫೈಗೆ ಹಾಕಿಬಿಡಿ, ಸೇಫು.” ಮಾತು ಸರಿಯೇ. ಹಾಕಿದೆ, ಹಸಿರು ಬಂತು. ಆದರೆ ಕಂಟ್ರೋಲರಿನ ಸ್ವಂತ ಪುಟ ತೆರೆಯಲೊಲ್ಲದು. ಗೆಸ್ಟ್ ವೈಫೈ ಇರುವುದೇ ಅತಿಥಿಗಳು ಮನೆಯ ಉಳಿದ ಯಂತ್ರಗಳನ್ನು ನೋಡದ ಹಾಗೆ ಗೋಡೆ ಕಟ್ಟಲು. ಹೊರಗಿನ ಸರ್ವರ್ ಮೂಲಕ ಎಲ್ಲ ಕಾಣುತ್ತದೆ, ನೇರ ದಾರಿ ಮುಚ್ಚಿರುತ್ತದೆ. ಫೈಬರ್ ಕಡಿದು ಇಂಟರ್ನೆಟ್ ನಿಂತ ದಿನ ಮನೆಯಲ್ಲೇ ಕೂತು ತೊಟ್ಟಿಯ ಅಂಕಿ ನೋಡಲಾಗದಿದ್ದರೆ ನನಗದು ಬೇಡ. 2.4ರ ಮನೆ ಹೆಸರಿಗೇ ವಾಪಸ್ ತಂದೆ. ಹಳೆಯ ರೂಟರೊಂದನ್ನು ಕೆಳಗಿಟ್ಟು ವೈಫೈ ಹಿಗ್ಗಿಸುವವರಿಗೂ ಇಂಥದೇ ತೊಡಕಾಗುತ್ತದೆ. ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕದಿದ್ದರೆ ಅದು ತನ್ನದೇ ಬೇರೆ ಜಾಲ ಕಟ್ಟುತ್ತದೆ, ಮೇಲಿನ ಜಾಲದ ಫೋನಿಗೆ ಕೆಳಗಿನ ಜಾಲದ ಕಂಟ್ರೋಲರ್ ಸಿಗುವುದಿಲ್ಲ.

ಜಾಗವನ್ನೂ ಬದಲಿಸಿದೆ. ಪೆಟ್ಟಿಗೆ ತೊಟ್ಟಿಯ ಹಿಂದೆ, ಕಬ್ಬಿಣದ ಸ್ಟ್ಯಾಂಡಿನ ಒಳಗಿತ್ತು. ನೀರು 2.4 ಗಿಗಾಹರ್ಟ್ಸಿನ ಅಲೆಯನ್ನು ಚೆನ್ನಾಗಿಯೇ ನುಂಗುತ್ತದೆ, ಕಬ್ಬಿಣ ತಡೆಯುತ್ತದೆ, ಮೇಲೆ ಆರ್‌ಸಿಸಿ ಚಾವಣಿ ಬೇರೆ. ಕಂಟ್ರೋಲರಿನ ಪುಟದಲ್ಲಿ ಸಿಗ್ನಲ್ ಮೈನಸ್ 82 ಎಂದು ತೋರಿಸುತ್ತಿತ್ತು. ಪಕ್ಕದ ಗೋಡೆಗೆ, ಮೆಟ್ಟಿಲ ಕಡೆಗೆ ಮುಖ ಮಾಡಿ ಹೊಡೆದ ಮೇಲೆ ಮೈನಸ್ 64. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು, 80 ದಾಟಿದರೆ ಭರವಸೆಯಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡಾಗಲೇ ನಿಜವಾಗಿ ಬಳಲಿಸಿದ್ದು ಶುರುವಾಯಿತು. ಕೆಲವು ದಿನ ಚೆನ್ನಾಗಿರುತ್ತದೆ. ಒಂದು ಬೆಳಗ್ಗೆ ಎದ್ದರೆ ಕೆಂಪು. ಸಿಗ್ನಲ್ ಚೆನ್ನಾಗಿದೆ, ಫೋನು ಅದೇ ಹೆಸರಿನಲ್ಲಿ ಓಡುತ್ತಿದೆ, ಟಿವಿ ಓಡುತ್ತಿದೆ, ಕಂಟ್ರೋಲರಿಗೆ ಮಾತ್ರ ವೈಫೈ ಕಾಣುವುದೇ ಇಲ್ಲ. ರೂಟರನ್ನು ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಪೂರ್ತಿ ಸತ್ತ ಯಂತ್ರವನ್ನಾದರೂ ಸಹಿಸಬಹುದು, ಹೀಗೆ ಆಡಿಸುವುದನ್ನಲ್ಲ. ಅಡಾಪ್ಟರ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ವಿಳಾಸ ಬದಲಾಗುತ್ತಿರಬಹುದೆಂದು ರೂಟರಿನಲ್ಲಿ ಅದರ ಮ್ಯಾಕ್ ವಿಳಾಸಕ್ಕೆ ಒಂದೇ ಐಪಿ (192.168.1ರ ಥರದ ವಿಳಾಸ) ಕಾದಿರಿಸಿದೆ. ಅದು ಹೇಗೂ ಮಾಡಬೇಕಾದ ಕೆಲಸ, ಆದರೆ ರೋಗ ಅದಲ್ಲ.

ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲು ಶುರುಮಾಡಿದೆ: ಯಾವಾಗ ಹೋಯಿತು, ಹಿಂದಿನ ದಿನ ಏನಾಗಿತ್ತು. ಪ್ರತಿ ಸಲವೂ ಮುಂಚೆ ಕರೆಂಟು ಹೋಗಿ ಬಂದಿತ್ತು, ಅಥವಾ ರೂಟರು ತಾನಾಗಿ ರೀಸ್ಟಾರ್ಟ್ ಆಗಿತ್ತು. ಆದರೆ ಕರೆಂಟು ಹೋದಾಗೆಲ್ಲ ಹೀಗಾಗುತ್ತಿರಲಿಲ್ಲ. ಹೋದ ದಿನ ರೂಟರಿನ ಪುಟ ತೆರೆದು ಎಲ್ಲ ಅಂಕಿಗಳನ್ನೂ ಬರೆದುಕೊಂಡು, ಬಂದ ದಿನದ ಅಂಕಿಗಳ ಜೊತೆ ಹೋಲಿಸಿದೆ. ಒಂದೇ ವ್ಯತ್ಯಾಸ. ಚಾನೆಲ್, ರೇಡಿಯೋ ಸ್ಟೇಷನ್ನಿನ ನಂಬರಿದ್ದ ಹಾಗೆ. ಇದ್ದ ದಿನ 6, ಹೋದ ದಿನ 13.

2.4 ಗಿಗಾಹರ್ಟ್ಸಿನಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದಲ್ಲಿ ಮಾರುವ ಸಾಧನಗಳು ಸಾಮಾನ್ಯವಾಗಿ 1ರಿಂದ 11ರವರೆಗೆ ಮಾತ್ರ ಕಿವಿಗೊಡುತ್ತವೆ. ನಮ್ಮ ರೂಟರಿನಲ್ಲಿ ಚಾನೆಲ್ ‘ಆಟೋ’ ಇತ್ತು. ಎದ್ದಾಗೆಲ್ಲ ಸುತ್ತ ನೋಡಿ, ಖಾಲಿಯಿರುವ ಚಾನೆಲ್ ಆರಿಸಿಕೊಳ್ಳುತ್ತದೆ. ಅಕ್ಕಪಕ್ಕದವರೆಲ್ಲ 1, 6, 11ರಲ್ಲಿ ತುಂಬಿಕೊಂಡಿದ್ದರೆ 13 ಅದಕ್ಕೆ ಹಿತವಾಗಿ ಕಾಣುತ್ತದೆ. ಇಲ್ಲೇ ಕೊಂಡ ಫೋನುಗಳಿಗೆ 13 ಕೇಳಿಸುತ್ತದೆ, ಅಮೆರಿಕದ ಕಂಟ್ರೋಲರಿಗೆ ಇಲ್ಲ. ಅನುಮಾನ ಪೂರ್ತಿ ತೀರಲಿ ಎಂದು ಕೈಯಾರೆ 13 ಇಟ್ಟೆ, ಕಂಟ್ರೋಲರ್ ಮಾಯ. 6 ಇಟ್ಟೆ, ಬಂತು. ಮತ್ತೆ 13, ಮತ್ತೆ ಮಾಯ. ಅಂಥ ಸಮಾಧಾನ ನನಗೆ ಇತ್ತೀಚೆಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ವೈಫೈ ಅನಲೈಜರ್ ಥರದ ಉಚಿತ ಆಪ್ ಆಂಡ್ರಾಯ್ಡ್ ಫೋನಿನಲ್ಲಿದ್ದರೆ ಯಾರು ಯಾವ ಚಾನೆಲ್‌ನಲ್ಲಿದ್ದಾರೆ ಎಂದು ರೂಟರ್ ತೆರೆಯದೆಯೇ ಕಾಣುತ್ತದೆ. ನೋಡಿದರೆ ನಮ್ಮ ಬೀದಿಯಲ್ಲಿ 11 ಕಡಿಮೆ ಇಕ್ಕಟ್ಟು. ಆಟೋ ತೆಗೆದು 11 ಇಟ್ಟೆ, ಚಾನೆಲ್ ಅಗಲ 20 ಮೆಗಾಹರ್ಟ್ಸ್. ಅಲ್ಲಿಂದ ಆ ತೊಂದರೆ ಮರುಕಳಿಸಿಲ್ಲ.

ಕರೆಂಟಿನ ವಿಷಯ ಬಂದಿದ್ದಕ್ಕೆ ಇದೊಂದು. ಕರೆಂಟು ಬಂದಾಗ ಕಂಟ್ರೋಲರ್ ಕೆಲವೇ ಸೆಕೆಂಡಿನಲ್ಲಿ ಏಳುತ್ತದೆ, ಫೈಬರ್ ಪೆಟ್ಟಿಗೆ ಏಳಲು ಎರಡು ಮೂರು ನಿಮಿಷ ಬೇಕು. ವೈಫೈ ಹುಡುಕಿ ಸಿಗದೆ ಕಂಟ್ರೋಲರ್ ತನ್ನ ಹಾಟ್‌ಸ್ಪಾಟ್ ತೆರೆದುಕೊಂಡು ಅಲ್ಲೇ ಕೂರುತ್ತದೆ, ಎಲ್ಲ ಪೆಟ್ಟಿಗೆಗಳೂ ಮತ್ತೆ ಹುಡುಕುವುದಿಲ್ಲ. ಮನೆಗೆ ಇನ್ವರ್ಟರ್ ಇದ್ದರೂ ಲೈನು ಬದಲಾಗುವ ಆ ಕ್ಷಣದಲ್ಲಿ ಫೈಬರ್ ಪೆಟ್ಟಿಗೆ ರೀಸ್ಟಾರ್ಟ್ ಆಗಬಹುದು. ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ಸಾವಿರದೈನೂರರ ಆಸುಪಾಸಿಗೆ ತಂದು ಮೇಲೆ ಹಾಕಿದೆ. ಕೊಳ್ಳುವ ಮುಂಚೆ ನಿಮ್ಮ ಪೆಟ್ಟಿಗೆಯ ಅಡಾಪ್ಟರಿನ ಮೇಲೆ 12 ವೋಲ್ಟೋ 9 ವೋಲ್ಟೋ ನೋಡಿಕೊಳ್ಳಿ.

ಹೊರಗಿನಿಂದ ನೇರವಾಗಿ ಮನೆಯ ಕಂಟ್ರೋಲರಿನ ಪುಟ ತೆರೆಯಲು ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಯಿರಿ ಎಂದು ಹಳೆಯ ಕೈಪಿಡಿಗಳು ಹೇಳುತ್ತವೆ. ಅದರ ಗೋಜಿಗೆ ಹೋಗಬೇಡಿ. ರೂಟರಿನ ಹೊರವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ, ಪೋರ್ಟ್ ತೆರೆದರೂ ಯಾರೂ ಒಳಗೆ ಬರಲಾರರು. ಹಂಚಿಲ್ಲದಿದ್ದರೆ ಬರಬಾರದವರೂ ಬರುತ್ತಾರೆ. ಕಂಟ್ರೋಲರ್ ತಾನೇ ಹೊರಗಿನ ಸರ್ವರನ್ನು ಕರೆಯುವ ವ್ಯವಸ್ಥೆಗೆ ಇದ್ಯಾವುದೂ ಅಡ್ಡಿಯಾಗುವುದಿಲ್ಲ.

ಈಗ ಅತ್ತೆಯ ಫೋನಿನಲ್ಲೂ ಆಪ್ ಇದೆ. ಹೋದ ವಾರ ನಾನು ಮೀಟಿಂಗಿನಲ್ಲಿದ್ದಾಗ “30.2 ತೋರಿಸ್ತಿದೆ, ಲೈಟ್ ಆರಿಸ್ಲಾ?” ಎಂದು ಕೇಳಿದರು. ನೆಟ್‌ವರ್ಕ್ ಇಲ್ಲದಿದ್ದರೂ ಹೀಟರ್, ಲೈಟುಗಳ ಪ್ರೋಗ್ರಾಮು ಕಂಟ್ರೋಲರಿನೊಳಗೇ ಓಡುತ್ತದೆ ಎಂದು ಅವರಿಗೆ ಹೇಳಿದ್ದೇನೆ, ಕೆಂಪು ಕಂಡ ಕೂಡಲೇ ಗಾಬರಿಯಾಗುವುದು ಬೇಡ ಎಂದು. ನಂಬಿದ ಹಾಗೆ ಕಾಣಲಿಲ್ಲ, ಗಾಜಿನ ಥರ್ಮಾಮೀಟರನ್ನೂ ದಿನಾ ನೋಡುತ್ತಾರೆ. ಒಳ್ಳೆಯದೇ, ತನಿಖೆಗೊಂದು ಸ್ವತಂತ್ರ ಅಳತೆ ಇರಲಿ.

ಹಳೆಯ ಕಂಟ್ರೋಲರ್ ಕೊಳ್ಳುವವರಿಗೆ ಕೊನೆಯದಾಗಿ. ಹಣ ಕೊಡುವ ಮುಂಚೆ ಮಾರುವವರು ನಿಮ್ಮ ಎದುರಿಗೇ ತಮ್ಮ ಖಾತೆಯಿಂದ ಅದನ್ನು ತೆಗೆಯಲಿ, ಮೂಲ ಬಿಲ್ಲಿನ ಫೋಟೋ ಕಳಿಸಲಿ. ಯಾವ ದೇಶದ ಮಾಡೆಲ್, ಪ್ಲಗ್ಗುಗಳ ಪಟ್ಟಿ ಎಷ್ಟು ವೋಲ್ಟಿನದು ಎಂದು ಬರಹದಲ್ಲೇ ಕೇಳಿ. ಈಥರ್‌ನೆಟ್ ಕಿಂಡಿ ಇದ್ದರೆ ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪಿಎಚ್ ಪ್ರೋಬ್ ಯಾವಾಗ ಕೊಂಡದ್ದೆಂದು ವಿಚಾರಿಸಿ. ಒಂದೂವರೆ ವರ್ಷ ದಾಟಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಮಾತಾಡಿ, ಹೇಗೂ ಹೊಸದು ತರಬೇಕಾಗುತ್ತದೆ.